ರಾತ್ರಿ ಒಪ್ಪಿಸಿದ್ದನ್ನು ಬೆಳಿಗ್ಗೆ ವಾಪಸ್ ತೆಗೆದುಕೊಂಡರೆ?

ಓದುಗರ ಪತ್ರ (ಸ್ವಲ್ಪ ಚಿಕ್ಕದು ಮಾಡಿದ್ದೇವೆ):

"ಸಂಪಾದಕರಿಗೆ ಕರ್ತನ ನಾಮದಲ್ಲಿ ವಂದನೆಗಳು. ನನ್ನ ಒಬ್ಬನೇ ಮಗ ಸಭೆಗೆ ಹೋಗುವುದನ್ನು ಬಿಟ್ಟಿದ್ದಾನೆ. ಕೆಲಸಕ್ಕೆಂದು ಬೇರೆ ಊರಲ್ಲಿದ್ದಾನೆ. ಫೋನಿನಲ್ಲಿ ನಾನು ದೇವರ ಮಾತು ತೆಗೆದರೆ ಸಾಕು, 'ಆಮೇಲೆ ಮಾಡ್ತೀನಮ್ಮ' ಎಂದು ಇಟ್ಟುಬಿಡುತ್ತಾನೆ. ಒಂದು ಉಪವಾಸ ಕೂಟದಲ್ಲಿ ನನ್ನದೆಲ್ಲವನ್ನೂ, ಅವನನ್ನೂ, ಕರ್ತನಿಗೆ ಸಮರ್ಪಿಸಿದೆ. ತುಂಬಾ ಅತ್ತೆ. ಮನಸ್ಸು ಹಗುರವಾಯಿತು. ವಾರ ಕಳೆಯುವುದರೊಳಗೆ ಅದೇ ಚಿಂತೆ, ಅದೇ ಸಿಟ್ಟು. ಈಗ ಪ್ರತಿ ರಾತ್ರಿ ಒಪ್ಪಿಸುತ್ತೇನೆ, ಬೆಳಿಗ್ಗೆ ವಾಪಸ್ ತೆಗೆದುಕೊಳ್ಳುತ್ತೇನೆ. ಪ್ರಾರ್ಥನಾ ಗುಂಪಿನ ಹಿರಿಯರೊಬ್ಬರು, 'ನಿಜವಾಗಿ ಸಮರ್ಪಿಸಿದ್ದರೆ ಈ ನೋವು ಇರುತ್ತಿರಲಿಲ್ಲ. ಒಪ್ಪಿಸಿದ ಮೇಲೆ ಮತ್ತೆ ಮತ್ತೆ ಕೇಳುವುದು ಅಪನಂಬಿಕೆ' ಎಂದರು. ದೇವರಿಗೆ ಹತ್ತಿರವಾಗಬೇಕೆಂದೇ ಸಮರ್ಪಿಸಿದ್ದು. ಈಗ ದೂರವಾದಂತೆ ಅನಿಸುತ್ತಿದೆ. ನನ್ನ ಸಮರ್ಪಣೆ ಸುಳ್ಳೇ? ರಾತ್ರಿ ಏನೆಂದು ಪ್ರಾರ್ಥಿಸಲಿ?"

ಪ್ರಿಯ ಸಹೋದರಿಯೇ,

ನಿಮ್ಮ ಕೊನೆಯ ಪ್ರಶ್ನೆಗೆ ಕೊನೆಯಲ್ಲೇ ಬರುತ್ತೇನೆ. ಮೊದಲು ಆ ಹಿರಿಯರ ಮಾತು. ಅವರು ನಿಮ್ಮ ಒಳ್ಳೆಯದಕ್ಕೇ ಹೇಳಿರಬಹುದು. ಆದರೂ ಆ ಮಾತು ತಪ್ಪು. ಇದನ್ನು ಸುತ್ತಿ ಬಳಸಿ ಹೇಳಲು ನನಗೆ ಮನಸ್ಸಿಲ್ಲ. ಮಗನ ಚಿಂತೆಯೇ ನಿಮಗೆ ಸಾಕಷ್ಟು ಭಾರವಾಗಿತ್ತು. 'ನನಗೆ ಇನ್ನೂ ನೋವಾಗುತ್ತಿದೆಯಲ್ಲಾ, ನನ್ನ ನಂಬಿಕೆಯಲ್ಲೇ ಏನೋ ಕೊರತೆ' ಎಂಬ ಇನ್ನೊಂದು ಹೊರೆಯನ್ನು ಆ ಮಾತು ನಿಮ್ಮ ತಲೆಗೆ ಹೊರಿಸಿದೆ. ಅದನ್ನು ಇಳಿಸಿಬಿಡಿ.

ಯೇಸು ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಪ್ರಾರ್ಥಿಸಿದ ಗೆತ್ಸೇಮನೆ ತೋಟದಲ್ಲಿ ಏನಾಯಿತೆಂದು ನೋಡೋಣ. ಸಮರ್ಪಣೆಯನ್ನು ಕಲಿಯುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಯೇಸು ಪೇತ್ರ, ಯಾಕೋಬ, ಯೋಹಾನರನ್ನು ಜೊತೆಗೆ ಕರೆದುಕೊಂಡು ಹೋದನು. ಪ್ರಾಣ ಹೋಗುವಷ್ಟು ದುಃಖವಾಗಿದೆ ಎಂದು ಅವರಿಗೆ ಬಾಯಿಬಿಟ್ಟು ಹೇಳಿದನು. ನನ್ನ ಜೊತೆ ಎಚ್ಚರವಾಗಿರಿ ಎಂದು ಕೇಳಿಕೊಂಡನು. ಆಮೇಲೆ ಸ್ವಲ್ಪ ಮುಂದೆ ಹೋಗಿ ನೆಲಕ್ಕೆ ಬೋರಲಾಗಿ ಬಿದ್ದು ಪ್ರಾರ್ಥಿಸಿದನು. ಆ ಪ್ರಾರ್ಥನೆಯಲ್ಲಿ ನಾವು ಸಭೆಯಲ್ಲಿ ಜಾಸ್ತಿ ಹೇಳುವುದು ಎರಡನೆಯ ಭಾಗ ಮಾತ್ರ: 'ನಿನ್ನ ಚಿತ್ತದಂತೆಯೇ ಆಗಲಿ.' ಅದಕ್ಕೆ ಮುಂಚೆ ಇನ್ನೊಂದು ಮಾತಿದೆ. 'ಸಾಧ್ಯವಾಗಿದ್ದರೆ ಈ ಪಾತ್ರೆಯು ನನ್ನನ್ನು ಬಿಟ್ಟು ಹೋಗಲಿ.' ತನಗೆ ಏನು ಬೇಕು ಅನ್ನುವುದನ್ನು ಆತನು ತಂದೆಯ ಮುಂದೆ ಮುಚ್ಚಿಡಲಿಲ್ಲ. ಈ ನೋವು ಬೇಡ ಎಂದೇ ಕೇಳಿದನು.

ಒಂದೇ ಸಲ ಕೇಳಿ ಎದ್ದು ಹೋದನೇ? ಇಲ್ಲ. ಮೂರು ಸಲ ಕೇಳಿದನು. ಮೂರನೆಯ ಸಲವೂ ಅದೇ ಮಾತುಗಳನ್ನೇ ಹೇಳಿದನೆಂದು ಮತ್ತಾಯ 26ನೇ ಅಧ್ಯಾಯದಲ್ಲಿದೆ. ಲೂಕನು ಇನ್ನೊಂದು ಸಂಗತಿ ಬರೆದಿದ್ದಾನೆ. ಪರಲೋಕದಿಂದ ದೂತನು ಬಂದು ಆತನನ್ನು ಬಲಪಡಿಸಿದನಂತೆ. ಆಮೇಲಾದರೂ ಮನಸ್ಸು ತಣ್ಣಗಾಯಿತು ಎಂದು ನಾವು ಕಾಯುತ್ತೇವೆ, ಅಲ್ವಾ? ಆದರೆ ಅದರ ಮುಂದಿನ ವಚನದಲ್ಲೇ ಆತನು ಇನ್ನೂ ಹೆಚ್ಚು ವೇದನೆಯಿಂದ ಪ್ರಾರ್ಥಿಸುತ್ತಾನೆ. ಬೆವರು ರಕ್ತದ ಹನಿಗಳಂತೆ ನೆಲಕ್ಕೆ ಬೀಳುತ್ತದೆ. ಇಬ್ರಿಯರಿಗೆ ಬರೆದ ಪತ್ರದ 5ನೇ ಅಧ್ಯಾಯವೂ ಆತನ ಕೂಗನ್ನು, ಕಣ್ಣೀರನ್ನು ನೆನಪಿಸುತ್ತದೆ.

ಈಗ ಆ ಹಿರಿಯರ ಮಾತನ್ನು ಇದರ ಪಕ್ಕದಲ್ಲಿಟ್ಟು ನೋಡಿ. ನಿಜವಾದ ಸಮರ್ಪಣೆಯಲ್ಲಿ ನೋವಿರುವುದಿಲ್ಲ, ಮತ್ತೆ ಮತ್ತೆ ಕೇಳುವುದು ಅಪನಂಬಿಕೆ ಎನ್ನುವುದಾದರೆ, ಆ ರಾತ್ರಿಯ ಯೇಸುವಿನ ಬಗ್ಗೆ ಏನು ಹೇಳುವುದು? ನಿಮ್ಮ ಅಳು, ನೀವು ಪ್ರತಿ ರಾತ್ರಿ ಹೇಳುವ ಅದೇ ಮಾತುಗಳು ನಿಮ್ಮನ್ನು ಆತನಿಂದ ದೂರ ಮಾಡಿಲ್ಲ. ಆತನು ನಡೆದ ದಾರಿಯಲ್ಲೇ ನೀವಿದ್ದೀರಿ.

ಅಪೊಸ್ತಲನಾದ ಪೌಲನ ವಿಷಯವೂ ಹೀಗೇ. ರೋಮಾಪುರದವರಿಗೆ ಬರೆದ ಪತ್ರದ 12ನೇ ಅಧ್ಯಾಯದ ಮೊದಲ ವಚನ ಸಮರ್ಪಣೆಯ ಕೂಟಗಳಲ್ಲೆಲ್ಲ ಕೇಳಿಬರುತ್ತದೆ. ದೇಹಗಳನ್ನು ಸಜೀವಯಜ್ಞವಾಗಿ ದೇವರಿಗೆ ಸಮರ್ಪಿಸಿರಿ ಎಂದು ಬೇಡಿಕೊಳ್ಳುವ ವಚನ ಅದು. ಅದೇ ಪತ್ರದಲ್ಲಿ ಮೂರು ಅಧ್ಯಾಯ ಹಿಂದಕ್ಕೆ ಹೋಗಿ. 9ನೇ ಅಧ್ಯಾಯದ ಶುರುವಿನಲ್ಲೇ ಪೌಲನು ತನಗೆ ಮಹಾ ದುಃಖವಿದೆ, ಹೃದಯದಲ್ಲಿ ಎಡೆಬಿಡದ ವೇದನೆಯಿದೆ ಎನ್ನುತ್ತಾನೆ. ಯಾರಿಗೋಸ್ಕರ? ಕ್ರಿಸ್ತನನ್ನು ಒಪ್ಪದ ತನ್ನ ಸ್ವಂತ ಜನರಿಗೋಸ್ಕರ. ನಿಮ್ಮ ನೋವಿಗೂ ಅದಕ್ಕೂ ಬಹಳ ದೂರವಿಲ್ಲ. ನಿಮ್ಮದು ಒಬ್ಬ ಮಗನಿಗಾಗಿ, ಅಷ್ಟೇ.

ಆ 12ನೇ ಅಧ್ಯಾಯದ ವಚನದಲ್ಲಿ ಇನ್ನೂ ಎರಡು ವಿಷಯ ಇವೆ. ಕೂಟದ ಬಿಸಿಯಲ್ಲಿ ಎರಡೂ ತಪ್ಪಿಹೋಗುತ್ತವೆ. ಮೊದಲನೆಯದು, ಪೌಲನು ಅಲ್ಲಿಗೆ ಬರುವುದಕ್ಕೆ ಮುಂಚೆ 11 ಅಧ್ಯಾಯ ಬರೆದಿದ್ದಾನೆ. ನಾವು ಪಾಪಿಗಳಾಗಿದ್ದಾಗಲೇ ಕ್ರಿಸ್ತನು ನಮಗೋಸ್ಕರ ಪ್ರಾಣಕೊಟ್ಟದ್ದು, ಏನೂ ನಮ್ಮನ್ನು ದೇವರ ಪ್ರೀತಿಯಿಂದ ಅಗಲಿಸಲಾರದು ಎನ್ನುವುದು, ಎಲ್ಲವೂ ಅಲ್ಲಿವೆ. ಇಷ್ಟು ಕನಿಕರ ತೋರಿಸಿದ ದೇವರಿಗೆ ನಿಮ್ಮನ್ನು ಕೊಟ್ಟುಬಿಡಿ ಎಂಬ ಮಾತು ಆಮೇಲೆ ಬರುತ್ತದೆ. 'ದೇವರಿಗೆ ಹತ್ತಿರವಾಗಬೇಕೆಂದೇ ಸಮರ್ಪಿಸಿದ್ದು' ಎಂದು ನೀವು ಬರೆದಿದ್ದೀರಿ. ಆ ಸಾಲಿನ ಹತ್ತಿರ ನಾನು ಸ್ವಲ್ಪ ಹೊತ್ತು ನಿಂತೆ. ನಾವು ಪೂರ್ತಿ ಕೊಟ್ಟರೆ ಆತನು ಹತ್ತಿರ ಬರುತ್ತಾನೆ, ಸ್ವಲ್ಪ ಉಳಿಸಿಕೊಂಡರೆ ದೂರ ನಿಲ್ಲುತ್ತಾನೆ ಎಂಬ ಲೆಕ್ಕ ನಮಗೆ ಗೊತ್ತಿಲ್ಲದೆಯೇ ಮನಸ್ಸಿನೊಳಗೆ ಸೇರಿಕೊಳ್ಳುತ್ತದೆ. ಹಾಗೆ ಸೇರಿದರೆ ಸಮರ್ಪಣೆ ಬೆಲೆ ಕಟ್ಟುವ ಕೆಲಸವಾಗುತ್ತದೆ. ಎಷ್ಟು ಕಟ್ಟಿದರೂ ಸಾಕಾಯಿತೋ ಇಲ್ಲವೋ ಎಂಬ ಭಯ ಹೋಗುವುದಿಲ್ಲ. ನಿಮ್ಮ ಪತ್ರದ ತುಂಬಾ ಆ ಭಯ ಇದೆ. ಆತನು ಮೊದಲೇ ಹತ್ತಿರ ಬಂದಿದ್ದಾನೆ, ಸಹೋದರಿ. ಅದಕ್ಕೇ ನಾವು ಕೈಬಿಟ್ಟು ಕೊಡಲು ಸಾಧ್ಯ.

ಎರಡನೆಯದು, ಪೌಲನು ಸಮರ್ಪಿಸಿ ಎಂದು ಕೇಳುವುದು ದೇಹವನ್ನು. ನಾಲಿಗೆ, ಕಿವಿ, ಕೈಕಾಲು, ನಿದ್ದೆ, ಸಮಯ. ಮನಸ್ಸು ಹಗುರವಾಯಿತೇ ಎಂದು ಅವನು ಕೇಳುವುದಿಲ್ಲ. ಕೂಟದಲ್ಲಿ ಹಗುರವಾದದ್ದು ದೇವರು ಕೊಟ್ಟ ಸಮಾಧಾನವೇ ಇರಬಹುದು, ಅದಕ್ಕೆ ಸ್ತೋತ್ರ. ಆದರೆ ವಾರದ ಮೇಲೆ ಆ ಹಗುರ ಹೋಯಿತೆಂದರೆ ಸಮರ್ಪಣೆಯೇ ಹೋಯಿತು ಎಂದು ತಿಳಿಯಬೇಡಿ. ಭಾವನೆ ಏರುತ್ತದೆ, ಇಳಿಯುತ್ತದೆ. ಕೊಟ್ಟದ್ದು ನಾಲಿಗೆಯಾಗಿದ್ದರೆ, ಮುಂದಿನ ಫೋನ್ ಬಂದಾಗ ನಾಲಿಗೆ ಯಾರ ಮಾತು ಕೇಳುತ್ತದೆ ಎಂಬುದರಲ್ಲಿ ಅದು ಗೊತ್ತಾಗುತ್ತದೆ.

ದಿನಾ ವಾಪಸ್ ತೆಗೆದುಕೊಳ್ಳುತ್ತೇನೆ ಎಂದಿರಿ. ದಿನಾ ಮತ್ತೆ ಒಪ್ಪಿಸುತ್ತೇನೆ ಎಂದೂ ನೀವೇ ಬರೆದಿದ್ದೀರಲ್ಲ! ನನಗೆ ಅದೇ ಮುಖ್ಯವಾಗಿ ಕಾಣುತ್ತದೆ. ಲೂಕನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಯೇಸು ಶಿಲುಬೆಯನ್ನು ಪ್ರತಿದಿನವೂ ಹೊತ್ತುಕೊಳ್ಳಲು ಹೇಳುತ್ತಾನೆ. ಒಂದೇ ದಿನದಲ್ಲಿ ಮುಗಿಯುವ ಕೆಲಸವಲ್ಲವೆಂದು ಆತನಿಗೆ ಗೊತ್ತಿತ್ತು. ಸಭೆಗಳಿಗೂ ಇದು ಗೊತ್ತಿದೆ. ಮೆಥೋಡಿಸ್ಟ್ ಚಳವಳಿಯನ್ನು ಶುರು ಮಾಡಿದ ಜಾನ್ ವೆಸ್ಲಿ 1755ರಲ್ಲಿ ಲಂಡನ್ನಿನಲ್ಲಿ ತನ್ನ ಜನರನ್ನು ಸೇರಿಸಿ, ತಮ್ಮನ್ನು ದೇವರಿಗೆ ಪೂರ್ತಿ ಒಪ್ಪಿಸಿಕೊಡುವ ಒಡಂಬಡಿಕೆಯ ಆರಾಧನೆ ನಡೆಸಿದನು. ಮೆಥೋಡಿಸ್ಟ್ ಸಭೆಗಳಲ್ಲಿ ಇಂದಿಗೂ ಹೊಸ ವರ್ಷದ ಹೊತ್ತಿಗೆ ಅದನ್ನು ನಡೆಸುತ್ತಾರೆ. ಹೋದ ವರ್ಷ ಒಪ್ಪಿಸಿದವರೇ ಈ ವರ್ಷವೂ ಒಪ್ಪಿಸುತ್ತಾರೆ. ಕಥೋಲಿಕರಲ್ಲಿ ಪ್ರತಿ ಬೆಳಿಗ್ಗೆ ಆ ದಿನವನ್ನು ದೇವರಿಗೆ ಅರ್ಪಿಸುವ ಪ್ರಾರ್ಥನೆಯಿದೆ. ಇವರನ್ನು ಯಾರೂ ನಿನ್ನೆಯದು ಸುಳ್ಳಾಗಿತ್ತೇ ಎಂದು ಕೇಳುವುದಿಲ್ಲ.

ಇನ್ನು ಮಗನ ವಿಷಯ. ಇಲ್ಲಿ ಮೋನಿಕಾಳ ಕಥೆ ಹೇಳದೆ ಇರಲಾರೆ. ಮುಂದೆ ಸಭೆಯ ದೊಡ್ಡ ಬೋಧಕನಾಗಿ ಹೆಸರಾದ ಅಗಸ್ಟೀನನ ತಾಯಿ. ಉತ್ತರ ಆಫ್ರಿಕಾದವಳು. ಮಗ ಬುದ್ಧಿವಂತ, ಆದರೆ ತಾಯಿಯ ನಂಬಿಕೆಯನ್ನು ಬಿಟ್ಟು ಬೇರೆ ಬೋಧನೆಯ ಹಿಂದೆ ಹೋದವನು. ಅವಳು ವರ್ಷಗಟ್ಟಲೆ ಅತ್ತು ಪ್ರಾರ್ಥಿಸಿದಳು. 383ರಲ್ಲಿ ಅವನು ರೋಮಿಗೆ ಹೊರಟನು. ಅವಳು ಸಮುದ್ರ ತೀರದವರೆಗೂ ಬಂದು ಹೋಗಬೇಡವೆಂದು ಹಿಡಿದುಕೊಂಡಳು. ಅವನು ಸುಳ್ಳು ಹೇಳಿ ಅವಳನ್ನು ಹತ್ತಿರದ ಪ್ರಾರ್ಥನಾಲಯದಲ್ಲಿ ಬಿಟ್ಟು, ರಾತ್ರಿ ಹಡಗು ಹತ್ತಿ ಹೋದನು. ಆ ರಾತ್ರಿ ಅವಳು ಮಾಡುತ್ತಿದ್ದ ಪ್ರಾರ್ಥನೆ ಒಂದೇ: ಮಗ ಹೋಗದಿರಲಿ. ಅವನು ಹೋಗಿಯೇಬಿಟ್ಟನು. ರೋಮಿನಿಂದ ಮಿಲಾನಿಗೆ ಹೋದನು. ಅಲ್ಲಿ ಸಭಾಧ್ಯಕ್ಷ ಅಂಬ್ರೋಸನ ಪ್ರಸಂಗಗಳನ್ನು ಕೇಳಿದನು. ಮೊದಮೊದಲು ಕೇಳಿದ್ದು ಭಾಷಣದ ಚೆಂದಕ್ಕೆ. 387ರ ಈಸ್ಟರ್ ಹಬ್ಬದಲ್ಲಿ ಅದೇ ಅಂಬ್ರೋಸನ ಕೈಯಿಂದ ದೀಕ್ಷಾಸ್ನಾನ ಪಡೆದನು. ಅಷ್ಟರಲ್ಲಿ ಮೋನಿಕಾ ಕೂಡ ಸಮುದ್ರ ದಾಟಿ ಅಲ್ಲಿಗೆ ಹೋಗಿದ್ದಳು. ಅದೇ ವರ್ಷ ತೀರಿಕೊಂಡಳು.

ದೇವರು ಆ ರಾತ್ರಿ ನನ್ನ ತಾಯಿ ಕೇಳಿದ್ದನ್ನು ಕೊಡಲಿಲ್ಲ, ಅವಳು ಯಾವಾಗಲೂ ಕೇಳುತ್ತಿದ್ದದ್ದನ್ನು ಕೊಡಲಿಕ್ಕಾಗಿ ಹಾಗೆ ಮಾಡಿದನು ಎಂಬ ಅರ್ಥದಲ್ಲಿ ಅಗಸ್ಟೀನನೇ ಮುಂದೆ ಬರೆದಿದ್ದಾನೆ. ಮೋನಿಕಾ ಮಗನಿಗಾಗಿ ಇಟ್ಟುಕೊಂಡಿದ್ದ ಯೋಜನೆಗಳಲ್ಲಿ ಬಹಳಷ್ಟು ಮುರಿದುಬಿದ್ದವು. ಮಿಲಾನಿನಲ್ಲಿ ಅವನಿಗೆ ಗೊತ್ತು ಮಾಡಿದ್ದ ಮದುವೆಯೂ ನಡೆಯಲಿಲ್ಲ. ನಿಮ್ಮ ಮಗನ ಕಥೆಯೂ ಇದೇ ತರಹ ಮುಗಿಯುತ್ತದೆ ಎಂದು ನಾನು ಮಾತು ಕೊಡಲಾರೆ. ಹಾಗೆ ಮಾತು ಕೊಡುವವರನ್ನು ನಂಬಲೂ ಬೇಡಿ. ಆದರೆ ಅವಳ ಕಥೆಯಿಂದ ಒಂದನ್ನು ನಾವು ಕೇಳಿಕೊಳ್ಳಬಹುದು. ನಾನು ದೇವರಿಗೆ ಕೊಟ್ಟದ್ದು ಮಗನನ್ನೋ? ಅಥವಾ ಮಗ ಯಾವ ದಾರಿಯಲ್ಲಿ, ಯಾವಾಗ, ಯಾರ ಮೂಲಕ ಬರಬೇಕು ಎಂಬ ನನ್ನ ಯೋಜನೆಯನ್ನು ಆತನ ಕೈಗಿಟ್ಟು, ಇದನ್ನು ನಡೆಸಿಕೊಡು ಎನ್ನುತ್ತಿದ್ದೇನೋ?

ತಾಯಿಗೆ ಈ ಎರಡನ್ನೂ ಬೇರೆ ಬೇರೆ ಮಾಡುವುದು ತುಂಬಾ ಕಷ್ಟ. ಅದಕ್ಕೇ ಒಂದು ಸಣ್ಣ ಜಾಗದಿಂದ ಶುರು ಮಾಡಿ ಎನ್ನುತ್ತೇನೆ. ಫೋನ್. ಅವನು ಫೋನ್ ಇಟ್ಟುಬಿಡುವುದು ನೀವು ದೇವರ ಮಾತು ತೆಗೆದಾಗ ಎಂದು ನೀವೇ ಹೇಳಿದ್ದೀರಿ. ಹಾಗಾದರೆ ಸ್ವಲ್ಪ ಕಾಲ ಆ ಮಾತನ್ನು ತೆಗೆಯಬೇಡಿ. ಊಟ ಆಯ್ತಾ, ಕೆಲಸ ಹೇಗಿದೆ, ನಿದ್ದೆ ಬರ್ತಿದೆಯಾ ಎಂದು ಕೇಳಿ. ಅವನು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ. 'ಭಾನುವಾರ ಸಭೆಗೆ ಹೋಗಿದ್ಯಾ?' ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂದಾಗ, ಅದನ್ನು ನುಂಗಿಕೊಂಡು, 'ಕರ್ತನೇ, ಈ ಮಾತನ್ನು ನಿನಗೆ ಬಿಟ್ಟೆ' ಎನ್ನಿ. ನಿಮಗೆ ಇದು ಸಾಕ್ಷಿ ಕೊಡದೆ ಹಿಂದೆ ಸರಿದ ಹಾಗೆ ಅನಿಸಬಹುದು. ನನಗೆ ಹಾಗೆ ಅನಿಸುವುದಿಲ್ಲ. ಕೂಟದಲ್ಲಿ ಕೈ ಎತ್ತಿ ಎಲ್ಲವನ್ನೂ ಒಪ್ಪಿಸುವುದಕ್ಕಿಂತ ಆ ಒಂದು ವಾಕ್ಯವನ್ನು ಬಿಡುವುದು ನಿಮಗೆ ಕಷ್ಟವಾಗುತ್ತದೆ. ಅವನ ಹೃದಯವನ್ನು ತಿರುಗಿಸುವ ಕೆಲಸ ನನ್ನದಲ್ಲ, ಪವಿತ್ರಾತ್ಮನದು ಎಂದು ಒಪ್ಪಿಕೊಳ್ಳುವುದು ಅಲ್ಲೇ.

ಹಾಗೆಂದು ಅವನ ಕಡೆ ನೋಡುವುದನ್ನೇ ಬಿಡಬೇಕೆಂದಲ್ಲ. ಲೂಕ 15ರಲ್ಲಿ ಯೇಸು ಹೇಳಿದ ಸಾಮ್ಯದ ತಂದೆಯನ್ನು ನೆನಪಿಸಿಕೊಳ್ಳಿ. ಕಿರಿಯ ಮಗ ಪಾಲು ಕೇಳಿದಾಗ ಕೊಟ್ಟನು. ಹೋಗುವಾಗ ತಡೆಯಲಿಲ್ಲ. ದೂರದೇಶಕ್ಕೆ ಆಳುಗಳನ್ನು ಕಳುಹಿಸಿ ಎಳೆದು ತರಿಸಲೂ ಇಲ್ಲ. ಆದರೆ ಮಗ ಇನ್ನೂ ದೂರದಲ್ಲಿರುವಾಗಲೇ ಅವನನ್ನು ಕಂಡು ಓಡಿಹೋಗಿ ಅಪ್ಪಿಕೊಂಡವನೂ ಅವನೇ. ಅವನನ್ನು ನೋಡಿದರೆ, ಮಗನನ್ನು ಬಿಟ್ಟುಕೊಟ್ಟವನು ಎನ್ನಬಹುದು, ಮರೆತವನು ಎನ್ನಲಾಗುವುದಿಲ್ಲ.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ, ಬೇರೆ ಓದುಗರಿಗೂ ಬೇಕಾಗಬಹುದು. ದೇವರಿಗೆ ಒಪ್ಪಿಸುವುದು ಬೇರೆ, ಸಭೆಯ ದೊಡ್ಡವರು ಹೇಳಿದ್ದಕ್ಕೆಲ್ಲ ತಲೆಬಾಗುವುದು ಬೇರೆ. ಪೇತ್ರನು ತನ್ನ ಮೊದಲನೆಯ ಪತ್ರದ 5ನೇ ಅಧ್ಯಾಯದಲ್ಲಿ, ಮಂದೆಯ ಮೇಲೆ ದೊರೆತನ ಮಾಡಬೇಡಿ ಎಂದು ಹಿರಿಯರಿಗೆ ಮೊದಲು ಹೇಳಿ, ಆಮೇಲೆ ನಿಮ್ಮ ಚಿಂತೆಯನ್ನೆಲ್ಲಾ ದೇವರ ಮೇಲೆ ಹಾಕಿರಿ ಎನ್ನುತ್ತಾನೆ. ಪ್ರಾರ್ಥನಾ ಗುಂಪಿನಲ್ಲಿ ಮಗನ ವಿಷಯ ಹೇಳಬೇಕೆಂದು ನಿಮಗೆ ಅನಿಸಿದರೆ ಹೇಳಿ. ಕೇಳುವ ಮನಸ್ಸು ಅಲ್ಲಿ ಇಲ್ಲವಾದರೆ ನಿಮ್ಮನ್ನು ಅರ್ಥಮಾಡಿಕೊಳ್ಳುವ ಒಬ್ಬ ಸಹೋದರಿಯ ಜೊತೆ ಕೂತು ಪ್ರಾರ್ಥಿಸಿ. ಬೇಸರಪಡದೆ ಯಾವಾಗಲೂ ಪ್ರಾರ್ಥಿಸಬೇಕು ಎಂದು ಕಲಿಸುವುದಕ್ಕೇ ಯೇಸು ನ್ಯಾಯಾಧಿಪತಿಯ ಬಾಗಿಲಿಗೆ ಮತ್ತೆ ಮತ್ತೆ ಹೋದ ವಿಧವೆಯ ಸಾಮ್ಯವನ್ನು ಹೇಳಿದನು. ಮತ್ತೆ ಮತ್ತೆ ಕೇಳಬೇಡಿ ಎಂದು ಆತನು ಯಾರಿಗೂ ಹೇಳಿಲ್ಲ.

ಇನ್ನು ದೂರದ ಅನಿಸಿಕೆ. ಅದು ಯಾವಾಗ ಹೋಗುತ್ತದೆ ಎಂದು ನಾನು ದಿನ ಹೇಳಲಾರೆ. ಪೌಲನು ತನ್ನನ್ನು ಕಾಡುತ್ತಿದ್ದ ಒಂದು ನೋವನ್ನು ಶರೀರದಲ್ಲಿ ನಾಟಿದ ಶೂಲ ಎಂದು ಕರೆದು, ಅದು ತೊಲಗಲಿ ಎಂದು ಮೂರು ಸಲ ಬೇಡಿದನು. ಶೂಲ ಹೋಗಲಿಲ್ಲ. ಸಿಕ್ಕಿದ್ದು 'ನನ್ನ ಕೃಪೆಯೇ ನಿನಗೆ ಸಾಕು' ಎಂಬ ಉತ್ತರ. ಆದರೆ ಅವನ ಜೊತೆ ಕರ್ತನು ಮಾತಾಡಿದ್ದು ಅಲ್ಲೇ, ಆ ನೋವಿನ ವಿಷಯದಲ್ಲೇ. ನೋವಿರುವ ಜಾಗವನ್ನು ಬಿಟ್ಟು ಬೇರೆಲ್ಲೋ ದೇವರನ್ನು ಹುಡುಕಬೇಡಿ.

ರಾತ್ರಿ ಏನೆಂದು ಪ್ರಾರ್ಥಿಸಲಿ ಎಂದು ಕೇಳಿದಿರಿ. ಮೊದಲು ನಿಮಗೆ ಬೇಕಾದದ್ದನ್ನು ಕೇಳಿ, ಮಗನ ಹೆಸರು ಹಿಡಿದು, ನಿಮ್ಮ ಮನೆಮಾತಿನಲ್ಲಿ. ಅವನು ಬರಬೇಕು, ನನಗೆ ಅವನು ಬೇಕು, ನಿನ್ನ ಮನೆಯಲ್ಲಿ ಅವನನ್ನು ನೋಡಬೇಕು ಎನ್ನಿ. ಸಿಟ್ಟಿದ್ದರೆ ಅದನ್ನೂ ಹೇಳಿ. ಆಮೇಲೆ 'ನಿನ್ನ ಚಿತ್ತದಂತೆ' ಎನ್ನಿ. ಆ ಎರಡನೆಯ ಭಾಗ ಬಾಯಿಗೆ ಬರದ ರಾತ್ರಿಗಳು ಇರುತ್ತವೆ. ಆಗ ಬಲವಂತವಾಗಿ ಹೇಳಬೇಡಿ. ಮಾರ್ಕನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಮಗನನ್ನು ಕರೆದುಕೊಂಡು ಬಂದ ಒಬ್ಬ ತಂದೆ ಇದ್ದಾನೆ. ನಂಬುತ್ತೇನೆ, ನನ್ನ ಅಪನಂಬಿಕೆಗೂ ಸಹಾಯ ಮಾಡು ಎಂದು ಕೂಗಿದನು. ಯೇಸು ಅಷ್ಟಕ್ಕೇ ಅವನ ಮಗನನ್ನು ಗುಣಪಡಿಸಿದನು. 'ಇವತ್ತು ನನ್ನಿಂದ ಬಿಡೋಕೆ ಆಗ್ತಿಲ್ಲ, ನೀನೇ ಸಹಾಯ ಮಾಡು' ಎಂದು ಹೇಳಿ ಮಲಗಿಕೊಳ್ಳಿ.

ಪತ್ರದಲ್ಲಿ ಮಗನ ಹೆಸರು ಬರೆದಿಲ್ಲ. ನಿಮಗೆ ಒಪ್ಪಿಗೆಯಿದ್ದರೆ ಹೆಸರು ಮಾತ್ರ ಬರೆದು ಕಳುಹಿಸಿ. ಪತ್ರಿಕೆಯಲ್ಲಿ ಹಾಕುವುದಿಲ್ಲ. ಇಲ್ಲಿ ಕೆಲಸ ಶುರು ಮಾಡುವ ಮೊದಲು ನಾವು ಸೇರಿ ಪ್ರಾರ್ಥಿಸುತ್ತೇವೆ, ಅವನನ್ನೂ ನೆನೆಯುತ್ತೇವೆ. ಮುಂದೆ ಏನಾಯಿತೆಂದೂ ಬರೆಯಿರಿ, ಒಳ್ಳೆಯ ಸುದ್ದಿ ಇಲ್ಲದಿದ್ದರೂ ಬರೆಯಿರಿ.

ಕರ್ತನಲ್ಲಿ ನಿಮ್ಮ ಸಹೋದರ,
ಸಂಪಾದಕ