ಲೈಸೆನ್ಸ್ ಇದ್ದೂ ಕೋವಿ ಠಾಣೆ ಸೇರಿದರೆ

ಅಣ್ಣಾ, ನೀವು ಗುಂಪಿನಲ್ಲಿ ಬರೆದದ್ದನ್ನು ಎರಡು ಸಲ ಓದಿದೆ. ಸಂಜೆ ತೋಟದಿಂದ ಬರುವಾಗ ಪೊಲೀಸರು ಜೀಪು ನಿಲ್ಲಿಸಿ ಕೋವಿಯ ಲೈಸೆನ್ಸ್ ಕೇಳಿದರು. ಲೈಸೆನ್ಸ್ ಬುಕ್ಕು ಮನೆಯಲ್ಲಿತ್ತು, ಮೊಬೈಲಿನಲ್ಲಿದ್ದ ಫೋಟೋ ತೋರಿಸಿದಿರಿ. "ಚುನಾವಣೆ ಹತ್ರ ಬಂತು, ಠಾಣೇಲಿ ಇರ್ಲಿ" ಅಂತ ಜೋಡಿ ನಳಿಗೆಯ ಕೋವಿ ತಗೊಂಡು ಹೋದರು. ಮೂರು ವಾರವಾಯಿತು, ಕೈಯಲ್ಲಿ ಒಂದು ಚೀಟಿಯೂ ಇಲ್ಲ. ಇಲ್ಲಿ ಅರ್ಧ ಜನ ಎಸ್‌ಪಿ ಆಫೀಸಿಗೆ ಹೋಗಿ ಗಲಾಟೆ ಮಾಡಿ ಅಂತಿದ್ದಾರೆ, ಇನ್ನರ್ಧ ಜನ ಸೀದಾ ಹೈಕೋರ್ಟಿಗೆ ಅಂತಿದ್ದಾರೆ. ಎರಡೂ ಈಗಲೇ ಬೇಡ.

ಮೊದಲು ಆ ಚೀಟಿ ಹುಟ್ಟಿಸಬೇಕು. ಯಾವ ಅಧಿಕಾರದಲ್ಲಿ ಕೋವಿ ತಗೊಂಡರು ಅನ್ನುವುದು ಬರಹದಲ್ಲಿ ಬರದಿದ್ದರೆ ನಾಳೆ ಅವರು ಯಾವ ಕಥೆ ಬೇಕಾದರೂ ಹೇಳಬಹುದು: "ಅವರೇ ತಂದು ಇಟ್ಟು ಹೋದರು" ಅನ್ನುವುದೂ ಸೇರಿ. ಬಿಳಿ ಹಾಳೆಯಲ್ಲಿ ಠಾಣಾಧಿಕಾರಿಗೆ ಅರ್ಜಿ ಬರೆಯಿರಿ. ತಾರೀಕು, ಹೊತ್ತು, ಜಾಗ, ಲೈಸೆನ್ಸ್ ನಂಬರು, ಅದರ ಅವಧಿ, ನಳಿಗೆಯ ಮೇಲೆ ಕೊರೆದಿರುವ ನಂಬರು, ಜೊತೆಗೆ ಎಷ್ಟು ಕಾಡತೂಸು ಹೋಯಿತು ಎಲ್ಲ ಇರಲಿ. ಕೊನೆಗೆ ಒಂದೇ ಪ್ರಶ್ನೆ: ಯಾವ ಕಾಯ್ದೆಯ ಯಾವ ಕಲಂ ಪ್ರಕಾರ, ಯಾರ ಆದೇಶದ ಮೇಲೆ ವಶಕ್ಕೆ ಪಡೆದಿದ್ದೀರಿ, ಹಿಂಬರಹ (ಬರಹದ ಉತ್ತರ) ಕೊಡಿ. ಇನ್ನೊಂದು ಪ್ರತಿಗೆ ಸೀಲು, ಸಹಿ ಹಾಕಿಸಿಕೊಳ್ಳಿ. ಹಾಕದಿದ್ದರೆ ಜಗಳ ಬೇಡ, ಅಂಚೆ ಕಚೇರಿಗೆ ನಡೆಯಿರಿ, ರಿಜಿಸ್ಟರ್ಡ್ ಪೋಸ್ಟು. ಪ್ರತಿ ಎಸ್‌ಪಿಗೆ ಒಂದು, ಡಿಸಿಗೆ ಒಂದು. ಲೈಸೆನ್ಸ್ ಕೊಡುವವರು ಜಿಲ್ಲಾ ದಂಡಾಧಿಕಾರಿಯಾಗಿ ಡಿಸಿ ತಾನೇ, ಅವರ ಟಪಾಲಿನಲ್ಲಿ ಇದು ದಾಖಲಾಗಲೇಬೇಕು.

ಈಗ ನಿಮಗೆ ಅಷ್ಟು ಹಿಡಿಸದ ಮಾತು. 1959ರ ಆಯುಧ ಕಾಯ್ದೆಯ 19ನೇ ಕಲಂ ಪ್ರಕಾರ ಕೋವಿ ಹಿಡಿದು ಹೋಗುವವರ ಹತ್ತಿರ ಪೊಲೀಸರು ಲೈಸೆನ್ಸ್ ಕೇಳಬಹುದು. ತೋರಿಸದಿದ್ದರೆ ಹೆಸರು ವಿಳಾಸ ಪಡೆದು, ಅಗತ್ಯ ಕಂಡರೆ ಕೋವಿಯನ್ನೂ ವಶಕ್ಕೆ ತಗೊಳ್ಳಬಹುದು. ಫೋಟೋ ತೋರಿಸಿದ್ದು ಸಾಕು ಅಂತ ನಿಮ್ಮ ವಾದ, ಸಾಲದು ಅಂತ ಅವರು ಹೇಳಬಹುದು. ಆ ಸಂಜೆಯ ಮಟ್ಟಿಗೆ ಅವರನ್ನು ತಪ್ಪು ಅನ್ನುವುದು ಕಷ್ಟ. ಆದರೆ ಮಾರನೇ ದಿನ ಅಸಲು ಬುಕ್ಕು ತಂದು ತೋರಿಸಿದ್ದೀರಿ ಅಂದಿರಲ್ಲ, ಅಲ್ಲಿಗೆ ಆ ಕಾರಣ ಸತ್ತಿತು. ಅಲ್ಲಿಂದ ಈಚೆಗಿನ ಇಪ್ಪತ್ತು ದಿನಕ್ಕೆ ಅವರು ಬೇರೆ ಕಾರಣ ಹೇಳಬೇಕು. ಅರ್ಜಿಯಲ್ಲಿ ಆ ದಿನವನ್ನು ಒತ್ತಿ ಬರೆಯಿರಿ.

ಚುನಾವಣೆ ಅನ್ನುವುದು ನಮ್ಮ ಕಡೆ ದೊಡ್ಡ ನೆಪ. ಲೋಕಸಭೆ, ವಿಧಾನಸಭೆ ಚುನಾವಣೆ ಘೋಷಣೆಯಾದ ಮೇಲೆ ಲೈಸೆನ್ಸುದಾರರ ಪಟ್ಟಿಯನ್ನು ಒಬ್ಬೊಬ್ಬರಂತೆ ಪರಿಶೀಲಿಸಬೇಕು ಅನ್ನುವುದು ಚುನಾವಣಾ ಆಯೋಗದ ಸೂಚನೆ. ಅದಕ್ಕೆ ಡಿಸಿ, ಎಸ್‌ಪಿ ಇರುವ ಸ್ಕ್ರೀನಿಂಗ್ ಕಮಿಟಿ. ಜಾಮೀನಿನ ಮೇಲೆ ಇರುವವರು, ಅಪರಾಧದ ಹಿನ್ನೆಲೆಯವರು, ಹಿಂದೆ ಗಲಭೆಯಲ್ಲಿ ಸಿಕ್ಕಿಕೊಂಡವರು, ಇಂಥವರ ಮೇಲೆ ಅದರ ಕಣ್ಣು. ಕೋವಿ ಠೇವಣಿ ಇಟ್ಟವರಿಗೆ ರಸೀದಿ ಕೊಡಬೇಕು, ಫಲಿತಾಂಶ ಬಂದ ಮೇಲೆ ವಾಪಸ್ ಕೊಡಬೇಕು. ನಿಮ್ಮಲ್ಲಿ ದಿನಾಂಕವೇ ಘೋಷಣೆಯಾಗಿಲ್ಲ, ಕಮಿಟಿ ಇಲ್ಲ, ಆದೇಶ ಇಲ್ಲ. ದಾರಿಯಲ್ಲಿ ನಿಂತ ಒಬ್ಬ ಎಸ್‌ಐ ಬಾಯಿಮಾತಿನಲ್ಲಿ ಆ ಕಮಿಟಿಯ ಕೆಲಸ ಮಾಡಲಾಗದು. ನಿಷೇಧಾಜ್ಞೆ ಇದೆ ಅಂದರೆ ಪ್ರತಿ ಕೇಳಿ. ಮೊದಲು 144 ಅಂತಿದ್ದೆವು, 2024ರ ಜುಲೈ 1ರಿಂದ ಅದು ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ. ದಂಡಾಧಿಕಾರಿಯ ಅಂಥ ಆದೇಶ ಎರಡು ತಿಂಗಳಷ್ಟೇ ನಡೆಯುತ್ತದೆ. ರದ್ದು ಮಾಡಿ, ಬದಲಿಸಿ ಅಂತ ಅವರಿಗೇ ಅರ್ಜಿ ಹಾಕಲೂ ಬರುತ್ತದೆ.

ಕೊಡಗಿನ ಗೆಳೆಯರೊಬ್ಬರು ಮೇಲೆ "ನಮಗೆ ಲೈಸೆನ್ಸೇ ಬೇಡ" ಅಂದಿದ್ದಾರೆ. ಹೌದು, ಕೊಡವರಿಗೆ, ಜಮ್ಮಾ (ಕೊಡಗಿನ ಹಳೆಯ ಬಗೆಯ ಜಮೀನು) ಹಿಡುವಳಿದಾರರಿಗೆ ವಿನಾಯಿತಿ ಇದೆ, ಈಗಿನದು 2029ರವರೆಗೆ. 2021ರಲ್ಲಿ ನಮ್ಮ ಹೈಕೋರ್ಟು ಅದನ್ನು ಎತ್ತಿ ಹಿಡಿದಿದೆ. ನಿಮಗೂ ನನಗೂ ಅದು ಅನ್ವಯಿಸದು, ಆ ಚರ್ಚೆ ಇಲ್ಲಿ ಬಿಡೋಣ.

ಹಿಂಬರಹ ಬಂದ ಮೇಲೆ ದಾರಿ ಕವಲೊಡೆಯುತ್ತದೆ. ಕೇಸು ಹಾಕಿದ್ದೇವೆ ಅಂದರೆ ಎಫ್‌ಐಆರ್ ಪ್ರತಿ, ಮಹಜರು ಪ್ರತಿ ಪಡೆದು ಸೀದಾ ಮ್ಯಾಜಿಸ್ಟ್ರೇಟ್ ಕೋರ್ಟು. ವಶಪಡಿಸಿಕೊಂಡದ್ದನ್ನು ಪೊಲೀಸರು ಅಲ್ಲಿಗೆ ವರದಿ ಮಾಡಲೇಬೇಕು. ವಸ್ತು ಬಿಡಿಸಿಕೊಳ್ಳಲು ಹಳೆಯ 451, 457ನೇ ಕಲಂ ಅರ್ಜಿ ಅಂತಿದ್ದದ್ದು ಈಗ ಅದೇ ಹೊಸ ಸಂಹಿತೆಯ 497, 503. ಜಪ್ತಿ ಮಾಲನ್ನು ಠಾಣೆಯಲ್ಲಿ ಹೆಚ್ಚೆಂದರೆ ಹದಿನೈದು ದಿನದಿಂದ ಒಂದು ತಿಂಗಳು ಅಂತ ಸುಪ್ರೀಂ ಕೋರ್ಟು 2002ರ ಸುಂದರ್‌ಭಾಯಿ ಪ್ರಕರಣದಲ್ಲೇ ಹೇಳಿದೆ, ವಕೀಲರಿಗೆ ಆ ಹೆಸರು ಹೇಳಿ. ಡಿಸಿ ಲೈಸೆನ್ಸ್ ಅಮಾನತು ಮಾಡಿದ್ದಾರೆ ಅಂತ ತಿಳಿದರೆ ಅದು ಆಯುಧ ಕಾಯ್ದೆಯ 17ನೇ ಕಲಂ. ಕಾರಣ ಬರೆದಿರಬೇಕು, ಕೇಳಿದರೆ ನಿಮಗೂ ಕೊಡಬೇಕು, ಸಾರ್ವಜನಿಕ ಹಿತದ ಹೆಸರಿನಲ್ಲಿ ಮಾತ್ರ ತಡೆಹಿಡಿಯಬಹುದು. ಅದರ ಮೇಲೆ 18ನೇ ಕಲಂ ಮೇಲ್ಮನವಿ ಇದೆ, ಮೂವತ್ತು ದಿನದ ಗಡುವು. ಆದೇಶ ಕೈಗೆ ಬಂದ ತಾರೀಕನ್ನು ಲಕೋಟೆಯ ಮೇಲೇ ಗುರುತು ಹಾಕಿಡಿ.

ಕೇಸೂ ಇಲ್ಲ, ಆದೇಶವೂ ಇಲ್ಲ, ಉತ್ತರವೂ ಇಲ್ಲ ಅಂದರೆ? ಆಗ ಹೈಕೋರ್ಟು, ಸಂವಿಧಾನದ 226ನೇ ವಿಧಿಯ ರಿಟ್. ಆಗ ನಿಮ್ಮ ಆ ಅರ್ಜಿ, ಪೋಸ್ಟಿನ ರಸೀದಿ ಎರಡೇ ಬಂಡವಾಳ. ಅರ್ಜಿಯನ್ನೇ ಕೊಡದೆ ಹೋದರೆ ಮೊದಲ ಪ್ರಶ್ನೆಗೇ ತಡವರಿಸಬೇಕಾಗುತ್ತದೆ.

ಪರಿಹಾರದ ಹಣ ಕೇಳಬಹುದಾ ಅಂದಿರಿ. ದಾವೆ ಹಾಕಬಹುದು. ಸರ್ಕಾರದ ಮೇಲಿನ ದಾವೆಗೆ ಎರಡು ತಿಂಗಳ ನೋಟಿಸು ಬೇಕು, ಕರ್ತವ್ಯದ ಹೆಸರಲ್ಲಿ ಮಾಡಿದ್ದಕ್ಕೆ ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಂ ಅಡ್ಡ ಬರುತ್ತದೆ. ಮೂರು ವಾರದ ನಷ್ಟಕ್ಕೆ ಅಷ್ಟು ವರ್ಷ ಅಲೆಯುವುದು ನನಗೆ ಸರಿ ಕಾಣುವುದಿಲ್ಲ. ಬೈದಿದ್ದರೆ, ಹೊಡೆದಿದ್ದರೆ ಮಾತು ಬೇರೆ, ಪೊಲೀಸ್ ದೂರು ಪ್ರಾಧಿಕಾರ, ಮಾನವ ಹಕ್ಕುಗಳ ಆಯೋಗ ಇವೆ.

ಒಂದು ಕೇಳಿಬಿಡುತ್ತೇನೆ, ಇಲ್ಲಿ ಉತ್ತರ ಬರೆಯಬೇಡಿ: ಆ ದಿನ ಕಾಡುಹಂದಿಗೆ ಗುಂಡು ಹಾರಿಸಿದ್ದಿರಾ? ಬೆಳೆ ರಕ್ಷಣೆಯ ಲೈಸೆನ್ಸು ಬೇಟೆಯ ಅನುಮತಿಯಲ್ಲ. ವನ್ಯಜೀವಿ ಕಾಯ್ದೆಯಡಿ ಜಪ್ತಿಯಾದ, ಅಪರಾಧಕ್ಕೆ ಬಳಸಿದ ಕೋವಿ ಸರ್ಕಾರದ ಸ್ವತ್ತು. ಹಾಗಿದ್ದರೆ ಮೇಲೆ ಬರೆದ ಯಾವುದನ್ನೂ ಮಾಡುವ ಮೊದಲು ವಕೀಲರನ್ನು ನೋಡಿ.

ವಾಪಸ್ ಕೊಟ್ಟ ದಿನ ಅವಸರ ಬೇಡ. ನಾನು ಒಂದು ಚುನಾವಣೆಗೆ ಕೋವಿ ಇಟ್ಟವನು ಮಳೆ ಹಿಡಿದ ಮೇಲೆ ತರಲು ಹೋದೆ. ರಿಜಿಸ್ಟರಿನಲ್ಲಿ "ಸುಸ್ಥಿತಿಯಲ್ಲಿ ಪಡೆದಿದ್ದೇನೆ" ಅಂತ ಮೊದಲೇ ಬರೆದಿತ್ತು, ನೋಡದೆ ಸಹಿ ಹಾಕಿದೆ. ಮನೆಗೆ ಬಂದು ನಳಿಗೆ ತೆರೆದು ಬೆಳಕಿಗೆ ಹಿಡಿದರೆ ಎಡಗಡೆಯದರ ಒಳಗೆ ಗೇಣುದ್ದಕ್ಕೆ ಕೆಂಪು ತುಕ್ಕು. ನೀವು ಠಾಣೆಯ ಬಾಗಿಲಲ್ಲೇ ನಳಿಗೆ ತೆರೆದು ನೋಡಿ, ನಂಬರು ಬುಕ್ಕಿಗೆ ತಾಳೆ ಹಾಕಿ, ಕಾಡತೂಸು ಎಣಿಸಿ. ಹೆಚ್ಚುಕಮ್ಮಿ ಇದ್ದರೆ ಸಹಿ ಹಾಕುವ ಜಾಗದ ಮೇಲ್ಗಡೆಯೇ ಅದನ್ನು ಬರೆದು ಆಮೇಲೆ ಸಹಿ ಹಾಕಿ.