ಕಂತು ಶುರುವಾಗದ ವರ್ಷಗಳಲ್ಲಿ ಶಿಕ್ಷಣ ಸಾಲ ಬೆಳೆಯುವುದು ಹೇಗೆ?

ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ ಎಂದು ಬ್ಯಾಂಕಿನವರು ಹೇಳಿದರೆ ಬಡ್ಡಿಯೂ ಇಲ್ಲವೆಂದು ಅರ್ಥವೇ ಎಂಬುದು ನಿಮ್ಮ ಪ್ರಶ್ನೆ. ಅಲ್ಲ, ಆ ವಿರಾಮ ಕಂತಿಗೆ ಮಾತ್ರ, ಹಣ ಬಿಡುಗಡೆಯಾದ ದಿನದಿಂದಲೇ ಬಡ್ಡಿ ಲೆಕ್ಕಕ್ಕೆ ಬರುತ್ತದೆ.

ನಾಲ್ಕು ವರ್ಷದ ಎಂಜಿನಿಯರಿಂಗ್‌ಗೆ ಪ್ರತಿ ವರ್ಷದ ಆರಂಭದಲ್ಲಿ 2 ಲಕ್ಷದಂತೆ ಒಟ್ಟು 8 ಲಕ್ಷ ರೂಪಾಯಿಯನ್ನು ಶೇ 10ರ ದರದಲ್ಲಿ ಪಡೆದಿರಿ ಎಂದುಕೊಳ್ಳೋಣ. ಮೊದಲ 2 ಲಕ್ಷಕ್ಕೆ ಐದು ವರ್ಷದ, ಕೊನೆಯದಕ್ಕೆ ಎರಡು ವರ್ಷದ ಬಡ್ಡಿ ಸೇರಿ, ಬರೀ ಸರಳ ಬಡ್ಡಿಯಲ್ಲೇ 2.8 ಲಕ್ಷವಾಗುತ್ತದೆ. ಇದನ್ನು ಅಸಲಿಗೆ ಸೇರಿಸಿದಾಗ, ನೀವು ಮೊದಲ ಕಂತು ಕಟ್ಟುವ ಹೊತ್ತಿಗೆ ಸಾಲ 10.8 ಲಕ್ಷವಾಗಿರುತ್ತದೆ, 15 ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 8,600ರ ಬದಲು 11,600 ರೂಪಾಯಿಗೆ ಏರುತ್ತದೆ.

ಆದ್ದರಿಂದ ಮನೆಯಲ್ಲಿ ಅನುಕೂಲವಿದ್ದರೆ ಓದುವಾಗಲೇ ಬಡ್ಡಿಯನ್ನಷ್ಟೇ ಕಟ್ಟುತ್ತಾ ಹೋಗುವುದು ಲೇಸು. ಮೊದಲ ವರ್ಷ ಅದು ತಿಂಗಳಿಗೆ 1,700 ರೂಪಾಯಿಯೊಳಗೇ ಇರುತ್ತದೆ, ನಾಲ್ಕನೆಯ ವರ್ಷದ ಹೊತ್ತಿಗೆ 6,700ರ ಹತ್ತಿರ ಬರುತ್ತದೆ. ಎಲ್ಲ ಮನೆಗಳಿಗೂ ಇದು ಸಾಧ್ಯವಿಲ್ಲ, ನಿಜ. ವಾರ್ಷಿಕ ಆದಾಯ 8 ಲಕ್ಷದೊಳಗಿನ ಕುಟುಂಬದವರು, ಪಟ್ಟಿಯಲ್ಲಿರುವ ಕಾಲೇಜು ಸೇರಿದ್ದರೆ, 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯ ಬಡ್ಡಿ ಸಹಾಯಧನಕ್ಕೆ ಅರ್ಜಿ ಹಾಕಬಹುದು. ಕಟ್ಟಿದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ಎಂಟು ವರ್ಷ ವಿನಾಯಿತಿಯುಂಟು, ಆದರೆ ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ.