ತಾತ ಮಾರಿದ ಮಂಜೂರಾತಿ ಜಮೀನನ್ನು ಈಗ ವಾಪಸ್ ಕೇಳಬಹುದೇ?

ಪರಿಶಿಷ್ಟ ಜಾತಿಯ ನಿಮ್ಮ ತಾತನಿಗೆ 1974ರಲ್ಲಿ ಸರ್ಕಾರ 2 ಎಕರೆ ಮಂಜೂರು ಮಾಡಿತ್ತು, 1986ರಲ್ಲಿ ಸಾಲ ತೀರಿಸಲು ಮಾರಿಬಿಟ್ಟರು ಎಂದಿದ್ದೀರಿ. ಕೇಳಬಹುದು, ಖಂಡಿತ ಕೇಳಿ.

ಪಿಟಿಸಿಎಲ್ ಕಾಯ್ದೆ (ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿನ ಪರಭಾರೆ, ಅಂದರೆ ಬೇರೆಯವರಿಗೆ ವರ್ಗಾವಣೆ, ತಡೆಯುವ ಕರ್ನಾಟಕದ ಕಾನೂನು) ಜಾರಿಯಾದದ್ದು 1979ರ ಜನವರಿ 1ರಂದು. ಅಲ್ಲಿಂದೀಚೆಗೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಇಂಥ ಜಮೀನು ಪರಭಾರೆ ಮಾಡಿದರೆ ಅದು ಅಸಿಂಧು. ಕ್ರಯವಷ್ಟೇ ಅಲ್ಲ, ದಾನ, ಭೋಗ್ಯ, ಗುತ್ತಿಗೆ, ಕ್ರಯದ ಕರಾರು ಕೂಡ ಪರಭಾರೆಯೇ. ಮನೆಯವರ ವಿಭಾಗ ಮತ್ತು ಉಯಿಲು ಮಾತ್ರ ಹೊರಗೆ. "ನಿಮ್ಮ ತಾತನೇ ಒಪ್ಪಿ ಹೆಬ್ಬೆಟ್ಟು ಒತ್ತಿದ್ದಾರಲ್ಲ" ಎಂದು ಹೆದರಿಸುತ್ತಾರೆ, ಹೆದರಬೇಡಿ. ಬಡತನದಲ್ಲಿ ಒತ್ತಿದ ಅಂಥ ಹೆಬ್ಬೆಟ್ಟುಗಳಿಂದಲೇ ಈ ಕಾಯ್ದೆ ಬೇಕಾಯಿತು. ಇದನ್ನು 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ.

ಕೇಸು ಸೋಲುವುದು ಹೆಚ್ಚಾಗಿ ಕಾಗದದಲ್ಲಿ. ಈಗಿನ ಪಹಣಿ ಇಟ್ಟುಕೊಂಡು ಹೋದರೆ ಸಾಲದು, ಅದರಲ್ಲಿ ಕೊಂಡವರ ಹೆಸರಿರುತ್ತದೆ. ಮಂಜೂರಾತಿ ಆದೇಶ, ಸಾಗುವಳಿ ಚೀಟಿ, 1974ರಿಂದ ಈಚಿನ ಕೈಬರಹದ ಪಹಣಿ, ಮ್ಯುಟೇಶನ್ ನಕಲು, ಕ್ರಯಪತ್ರದ ನಕಲು, ವಂಶವೃಕ್ಷ, ಜಾತಿ ಪ್ರಮಾಣಪತ್ರ ಬೇಕು. ತಾಲ್ಲೂಕು ಕಚೇರಿಯಲ್ಲಿ "ಕಡತ ಲಭ್ಯವಿಲ್ಲ" ಎಂದರೆ ಬಾಯಿಮಾತಿಗೆ ಬಿಡದೆ ಮಾಹಿತಿ ಹಕ್ಕಿನಡಿ ಹಿಂಬರಹ (ಕಚೇರಿಯ ಲಿಖಿತ ಉತ್ತರ) ಪಡೆಯಿರಿ. ಮಂಜೂರಾತಿ ರಿಜಿಸ್ಟರಿನ ಆ ವರ್ಷದ ಪುಟದ ನಕಲನ್ನೂ ಕೇಳಿ. ಒಂದನ್ನು ಮೊದಲೇ ಖಚಿತಪಡಿಸಿಕೊಳ್ಳಿ: ತೋಟಿ, ನೀರಗಂಟಿಯಂಥ ವಂಶಪಾರಂಪರ್ಯ ಕಸುಬಿನ ಇನಾಮು ಜಮೀನಾದರೆ ಈ ಕಾಯ್ದೆ ಅನ್ವಯಿಸುವುದಿಲ್ಲ.

ಅರ್ಜಿಯನ್ನು ಸೆಕ್ಷನ್ 5ರಡಿ ಉಪವಿಭಾಗಾಧಿಕಾರಿಗೆ ಕೊಡಿ. ಮಂಜೂರಾತಿ ಜಮೀನು ಬೇರೆಯವರ ಕೈಯಲ್ಲಿದ್ದರೆ ಅದು ಅಸಿಂಧು ಪರಭಾರೆಯಿಂದಲೇ ಬಂದದ್ದೆಂದು ಕಾಯ್ದೆ ಭಾವಿಸುತ್ತದೆ. ಹಾಗಲ್ಲವೆಂದು ಸಾಬೀತು ಮಾಡುವ ಹೊಣೆ ಅವರದು.

ಇನ್ನು ವಿಳಂಬ. ಸುಪ್ರೀಂ ಕೋರ್ಟಿನ 2017ರ ನೆಕ್ಕಂಟಿ ರಾಮಲಕ್ಷ್ಮಿ ತೀರ್ಪು "ಸಮಂಜಸ ಕಾಲದೊಳಗೆ" ಕೇಳಬೇಕೆಂದಿತು, ಆಮೇಲೆ ಎಷ್ಟೋ ಕುಟುಂಬಗಳ ಅರ್ಜಿಗಳು ಬಿದ್ದುಹೋದವು. ಕಾಲಮಿತಿ ಇಲ್ಲವೆಂದು 2023ರಲ್ಲಿ ತಿದ್ದುಪಡಿಯೇನೋ ಬಂತು, ಆದರೂ ಎದುರಿನ ವಕೀಲರು ವಿಳಂಬದ ವಾದ ಬಿಡುವುದಿಲ್ಲ. ಆದ್ದರಿಂದ ತಡ ಏಕಾಯಿತು ಎಂಬುದನ್ನು ಅರ್ಜಿಯಲ್ಲೇ ಇಸವಿ ಸಮೇತ ಬರೆಯಿರಿ: ಓದು ಬಾರದ್ದು, ತಾತ ತೀರಿಕೊಂಡದ್ದು, ದಾಖಲೆ ಸಿಕ್ಕ ದಿನ. ಆ ಒಂದು ಪ್ಯಾರಾಕ್ಕೆ ವಕೀಲರ ಜೊತೆ ಅರ್ಧ ದಿನ ಕೂತರೂ ನಷ್ಟವಿಲ್ಲ.

ಆದೇಶ ವಿರುದ್ಧ ಬಂದರೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಹಾಕಲು 3 ತಿಂಗಳಿದೆ. ಆದೇಶದ ದೃಢೀಕೃತ ನಕಲಿಗೆ ಅಂದೇ ಅರ್ಜಿ ಹಾಕಿ.